ಲೆಕ್ಕದ ಪುಸ್ತಕ ಯಾರ ಕೈಯಲ್ಲಿರಬೇಕು?

(ಹೆತ್ತವರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ಹಿರಿಯರೊಬ್ಬರು ಮೊಬೈಲ್ ಹಿಡಿದುಕೊಂಡು ನಮ್ಮ ಬಳಿ ಬಂದರು. ಎರಡು ದಶಕಗಳಿಗೂ ಹೆಚ್ಚು ಕಾಲ ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ಮಗಳ ಮದುವೆಗೆಂದು ಕೂಡಿಟ್ಟ ಹಣದ ಒಂದು ಪಾಲನ್ನು ಅವರು ಯಾವುದೋ ‘ಕಾಯಿನ್’ನಲ್ಲಿ ತೊಡಗಿಸಿದ್ದರು. ಪರದೆಯ ಮೇಲೆ ಆ ಹಣ ಮೂರು ಪಟ್ಟಾಗಿ ಕಾಣುತ್ತಿತ್ತು. ಹಿಂದಕ್ಕೆ ಪಡೆಯಲು ಹೋದರೆ ಮಾತ್ರ ಬರುತ್ತಿರಲಿಲ್ಲ. “ಇದು ಬ್ಲಾಕ್‌ಚೈನ್ ಅಂತೆ, ಯಾರಿಂದಲೂ ಅಳಿಸಲು ಸಾಧ್ಯವಿಲ್ಲವಂತೆ. ಹಾಗಾದರೆ ನನ್ನ ಹಣ ಅಲ್ಲಿಯೇ ಇರಬೇಕಲ್ಲವೇ?” ಎಂದು ಅವರು ಕೇಳಿದರು. ಇಂದಿನ ನಮ್ಮ ಮಾತಿಗೆ ಆ ಪ್ರಶ್ನೆಯೇ ಕಾರಣ.

ಬ್ಲಾಕ್‌ಚೈನ್ ಎಂದರೆ ಮೂಲತಃ ಒಂದು ಲೆಕ್ಕದ ಪುಸ್ತಕ. ನಮ್ಮ ಜಮಾಅತ್‌ಗಳಲ್ಲಿ ಲೆಕ್ಕದ ಪುಸ್ತಕ ಖಜಾಂಚಿಯ ಕೈಯಲ್ಲಿರುತ್ತದೆ. ಖಜಾಂಚಿ ಪ್ರಾಮಾಣಿಕನಾಗಿದ್ದರೆ ಸರಿ, ಇಲ್ಲದಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ಏನೇನು ನಡೆಯುತ್ತದೆಂಬುದು ಇಲ್ಲಿ ಕುಳಿತಿರುವ ಹಿರಿಯರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅದೇ ಪುಸ್ತಕದ ಪ್ರತಿ ಊರಿನ ಎಲ್ಲ ಮನೆಗಳಲ್ಲಿಯೂ ಇದ್ದು, ಪ್ರತಿಯೊಂದು ಜಮೆ ಮತ್ತು ಖರ್ಚು ಎಲ್ಲ ಪ್ರತಿಗಳಲ್ಲಿಯೂ ಏಕಕಾಲಕ್ಕೆ ದಾಖಲಾಗುತ್ತದೆ ಎಂದುಕೊಳ್ಳಿ. ಪ್ರತಿ ಪುಟದಲ್ಲಿಯೂ ಹಿಂದಿನ ಪುಟದ ಒಂದು ಗಣಿತ ಮುದ್ರೆ ಇರುತ್ತದೆ. ಹಳೆಯ ಪುಟದ ಒಂದು ಅಂಕಿ ತಿದ್ದಿದರೂ ಅಲ್ಲಿಂದ ಮುಂದಿನ ಎಲ್ಲ ಪುಟಗಳ ಮುದ್ರೆ ತಪ್ಪುತ್ತದೆ. ಕಳ್ಳತನ ಮಾಡಬೇಕಾದರೆ ಬಹುಪಾಲು ಮನೆಗಳ ಪುಸ್ತಕವನ್ನು ಒಟ್ಟಿಗೆ ತಿದ್ದಬೇಕು. ತತ್ವ ಇಷ್ಟೇ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮ್ಮುಖದಲ್ಲಿ ಬರೆದಿಡುವ ಕುರಿತಾಗಿದೆ ಎಂಬುದನ್ನು ಬಲ್ಲವರಿಗೆ, ಬರಹ ಮತ್ತು ಸಾಕ್ಷಿಯ ಮಹತ್ವವನ್ನು ಬೇರೆ ವಿವರಿಸಬೇಕಾಗಿಲ್ಲ.

ಈ ತಂತ್ರಜ್ಞಾನ ಹುಟ್ಟಿದ ಸಂದರ್ಭವನ್ನು ಗಮನಿಸಬೇಕು. 2008ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ಕುಸಿದವು. ಜನರ ಮನೆಗಳು ಹರಾಜಾದವು, ಬ್ಯಾಂಕುಗಳನ್ನು ಮಾತ್ರ ಸರಕಾರಗಳು ತೆರಿಗೆಯ ಹಣದಿಂದ ಎತ್ತಿ ನಿಲ್ಲಿಸಿದವು. ಅದೇ ವರ್ಷದ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಯಾರೋ ಬಿಟ್‌ಕಾಯಿನ್ ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿದರು. 2009ರ ಜನವರಿ 3ರಂದು ದಾಖಲಾದ ಮೊದಲ ಪುಟದಲ್ಲಿಯೇ, ಬ್ರಿಟಿಷ್ ಸರಕಾರ ಬ್ಯಾಂಕುಗಳಿಗೆ ಎರಡನೆಯ ಬಾರಿ ನೆರವು ನೀಡಲು ಹೊರಟಿದೆ ಎಂಬ ಅಂದಿನ ಪತ್ರಿಕೆಯ ತಲೆಬರಹವನ್ನು ಸೇರಿಸಲಾಗಿತ್ತು. ಒಟ್ಟು ನಾಣ್ಯಗಳ ಸಂಖ್ಯೆ 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ ಎಂಬ ನಿಯಮವನ್ನೂ ಹಾಕಲಾಯಿತು. ಮನಬಂದಂತೆ ನೋಟು ಮುದ್ರಿಸುವವರ ಮೇಲಿನ ಅವಿಶ್ವಾಸವೇ ಇದರ ಮೂಲ. ಆ ಅವಿಶ್ವಾಸದಲ್ಲಿ ನ್ಯಾಯವಿಲ್ಲವೆಂದು ನಾವು ಹೇಳಲಾರೆವು.

ಆದರೆ ಮುಂದೇನಾಯಿತು? ವಿನಿಮಯಕ್ಕೆಂದು ಹುಟ್ಟಿದ್ದು ಜೂಜಿನ ವಸ್ತುವಾಯಿತು. 2010ರ ಮೇ ತಿಂಗಳಲ್ಲಿ ಒಬ್ಬಾತ ಹತ್ತು ಸಾವಿರ ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತರಿಸಿಕೊಂಡ. ಇಂದು ಅದನ್ನು ಹಾಗೆ ಖರ್ಚು ಮಾಡಲು ಯಾರಿಗೂ ಮನಸ್ಸಿಲ್ಲ, ಎಲ್ಲರೂ ಬೆಲೆ ಏರುವುದನ್ನೇ ಕಾಯುತ್ತಾರೆ. ಮಧ್ಯವರ್ತಿಗಳೇ ಬೇಡವೆಂದವರು ತಮ್ಮ ನಾಣ್ಯಗಳನ್ನು ಹೊಸ ಮಧ್ಯವರ್ತಿಗಳ ಕೈಗಿತ್ತರು. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಮುಳುಗಿತು, 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ದಿವಾಳಿಯಾಯಿತು. ಎಫ್‌ಟಿಎಕ್ಸ್‌ನ ಒಡೆಯನಿಗೆ 2024ರಲ್ಲಿ ಅಮೆರಿಕದ ನ್ಯಾಯಾಲಯ 25 ವರ್ಷಗಳ ಸೆರೆವಾಸ ವಿಧಿಸಿದೆ.

ನಮ್ಮ ಹಿರಿಯರ ಪ್ರಕರಣ ಇದಕ್ಕಿಂತಲೂ ಕೆಳಮಟ್ಟದ್ದು. ನಿಜವಾದ ಬ್ಲಾಕ್‌ಚೈನ್‌ನಲ್ಲಿ ಪ್ರತಿ ವ್ಯವಹಾರಕ್ಕೂ ಒಂದು ಗುರುತು ಸಂಖ್ಯೆ ಇರುತ್ತದೆ, ಬಿಟ್‌ಕಾಯಿನ್‌ನಂತಹ ತೆರೆದ ಪುಸ್ತಕವಾದರೆ ಅದನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಆ ಸಂಖ್ಯೆ ಕೊಡಿ ಎಂದೆವು. ಅಂಥದ್ದೇನೂ ಇರಲಿಲ್ಲ. ಪರದೆಯ ಮೇಲಿನ ಅಂಕಿ ಬಿಟ್ಟರೆ ಆ ಕಂಪೆನಿಯ ಬಳಿ ಯಾವ ಪುಸ್ತಕವೂ ಇದ್ದಂತಿಲ್ಲ. ಒನ್‌ಕಾಯಿನ್ ಎಂಬ ವಂಚನೆಯ ಕಥೆಯೂ ಇದೇ. ಅದಕ್ಕೆ ನಿಜವಾದ ಬ್ಲಾಕ್‌ಚೈನ್ ಎಂಬುದೇ ಇರಲಿಲ್ಲ. ಜಗತ್ತಿನಾದ್ಯಂತ ಜನರಿಂದ ನಾನೂರು ಕೋಟಿ ಡಾಲರುಗಳಷ್ಟನ್ನು ಸಂಗ್ರಹಿಸಿದ ಅದರ ಸ್ಥಾಪಕಿ ರುಜಾ ಇಗ್ನಾಟೊವಾ 2017ರ ಅಕ್ಟೋಬರ್‌ನಲ್ಲಿ ಕಣ್ಮರೆಯಾದಳು. ಸೈಬರ್ ವಂಚನೆಗೆ ಒಳಗಾದವರು 1930 ಸಂಖ್ಯೆಗೆ ಕೂಡಲೇ ಕರೆ ಮಾಡಬೇಕೆಂಬುದು ಆ ಹಿರಿಯರಿಗೆ ತಿಳಿದಿರಲಿಲ್ಲ. ಮರ್ಯಾದೆಗೆ ಅಂಜಿ ನಾಲ್ಕು ತಿಂಗಳು ಮನೆಯವರಿಗೂ ಹೇಳಿರಲಿಲ್ಲ. ಇಂಥ ಯೋಜನೆಗಳಿಗೆ ಜನರನ್ನು ಸೇರಿಸುವವರು ಅಪರಿಚಿತರಲ್ಲ. ಅದೇ ಓಣಿಯವರು, ಸಂಬಂಧಿಕರು, ಕೆಲವೊಮ್ಮೆ ಗಡ್ಡ ಬಿಟ್ಟು ಸಲಾಂ ಹೇಳಿಕೊಂಡು ಬರುವವರು. ‘ಹಲಾಲ್ ಹೂಡಿಕೆ’ ಎಂಬ ಒಂದು ಪದವನ್ನು ನಂಬಿ 2019ರಲ್ಲಿ ಬೆಂಗಳೂರಿನಲ್ಲಿ ಸಾವಿರಾರು ಕುಟುಂಬಗಳು ಕಳೆದುಕೊಂಡದ್ದನ್ನು ನಾವು ಇಷ್ಟು ಬೇಗ ಮರೆತೆವೇ?

ಇದು ಧರ್ಮಸಮ್ಮತವೇ ಎಂದು ಯುವಕರು ಕೇಳುತ್ತಾರೆ. ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅನಿಶ್ಚಿತತೆ ಮತ್ತು ಮೋಸದ ಕಾರಣ ನೀಡಿ ಈಜಿಪ್ಟಿನ ಮುಫ್ತಿಯವರು ಬಿಟ್‌ಕಾಯಿನ್ ವ್ಯವಹಾರವನ್ನು ನಿಷಿದ್ಧವೆಂದರು. ಇಂಡೋನೇಷ್ಯಾದ ಉಲಮಾ ಮಂಡಳಿಯು 2021ರಲ್ಲಿ ಅದನ್ನು ಹಣವಾಗಿ ಬಳಸುವುದು ಹರಾಮ್ ಎಂದಿತು. ಮಲೇಷ್ಯಾದ ಷೇರು ಆಯೋಗದ ಶರೀಅತ್ ಸಲಹಾ ಮಂಡಳಿಯು 2020ರಲ್ಲಿ ನೋಂದಾಯಿತ ಕೇಂದ್ರಗಳ ವ್ಯವಹಾರಕ್ಕೆ ಷರತ್ತಿನ ಸಮ್ಮತಿ ನೀಡಿತು. ನಾವು ಮುಫ್ತಿಗಳಲ್ಲ. ನಮ್ಮ ದೇಶದ ಕಾನೂನಿನ ಬಗ್ಗೆ ಮಾತ್ರ ಒಂದು ಮಾತು: 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ನಿರ್ಬಂಧವನ್ನು ರದ್ದುಪಡಿಸಿತು, 2022ರಿಂದ ಇದರ ಲಾಭದ ಮೇಲೆ ಶೇ. 30 ತೆರಿಗೆ ಇದೆ. ತೆರಿಗೆ ಪಡೆಯುತ್ತಿದೆ ಎಂದ ಮಾತ್ರಕ್ಕೆ ಸರಕಾರ ನಿಮ್ಮ ಹಣಕ್ಕೆ ಜಾಮೀನು ನಿಂತಿದೆ ಎಂದಲ್ಲ.

ಇನ್ನು, ಯಂತ್ರಕ್ಕೆ ಪಕ್ಷಪಾತವಿಲ್ಲ, ಒಮ್ಮೆ ಬರೆದ ನಿಯಮವೇ ಕಾನೂನು ಎಂಬ ವಾದವಿದೆ. 2016ರಲ್ಲಿ ಇಥೀರಿಯಂ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಮೇಲೆ ‘ಡಿಎಒ’ ಎಂಬ ಸಾಮೂಹಿಕ ನಿಧಿಯನ್ನು ಕಟ್ಟಲಾಯಿತು. ಅಧ್ಯಕ್ಷನಿಲ್ಲ, ಖಜಾಂಚಿಯಿಲ್ಲ, ಎಲ್ಲವನ್ನೂ ಪ್ರೋಗ್ರಾಂ ನಿರ್ವಹಿಸುತ್ತದೆ ಎಂದರು. ಸುಮಾರು 15 ಕೋಟಿ ಡಾಲರ್ ಮೌಲ್ಯದ ಹಣ ಸೇರಿತು. ಜೂನ್ 17ರಂದು ಒಬ್ಬಾತ ಪ್ರೋಗ್ರಾಂನ ಒಂದು ದೋಷವನ್ನು ಬಳಸಿ ಅದರ ಸುಮಾರು ಮೂರನೆಯ ಒಂದು ಭಾಗವನ್ನು, ಅಂದರೆ 36 ಲಕ್ಷ ಈಥರ್ ನಾಣ್ಯಗಳನ್ನು ಬೇರೆಡೆಗೆ ಹರಿಸಿಕೊಂಡ. ಬರೆದ ನಿಯಮವೇ ಕಾನೂನಾದರೆ ಆತ ಮಾಡಿದ್ದು ಕಳ್ಳತನವೇ ಅಲ್ಲ! ಸಮುದಾಯದೊಳಗೆ ಒಂದು ತಿಂಗಳು ತೀವ್ರ ಚರ್ಚೆ ನಡೆಯಿತು. ಕೊನೆಗೆ ಜುಲೈ 20ರಂದು ಬಹುಮಂದಿ ಸೇರಿ ಪುಸ್ತಕವನ್ನೇ ಕವಲೊಡೆಸಿ ಹಣವನ್ನು ಮೂಲ ಒಡೆಯರಿಗೆ ಮರಳಿಸಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು, ಅದು ಇಥೀರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ಇಂದಿಗೂ ಇದೆ. ಅಳಿಸಲಾಗದ್ದನ್ನು ಅಳಿಸಿದವರು ಮನುಷ್ಯರೇ. ಅವರು ಮಾಡಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಅಲ್ಲಿ ತೀರ್ಪು ನೀಡಿದ್ದು ಯಂತ್ರವಲ್ಲ, ಮಾತು ನಡೆಯುವ ಕೆಲವು ಜನ.

ಈಗ ಜೋರ್ಡಾನಿನ ಅಝ್ರಕ್ ನಿರಾಶ್ರಿತ ಶಿಬಿರಕ್ಕೆ ಬರೋಣ. ಮನೆಮಠ ಕಳೆದುಕೊಂಡ ಸಿರಿಯಾದ ಕುಟುಂಬಗಳಿಗಾಗಿ 2014ರಲ್ಲಿ ಮರುಭೂಮಿಯಲ್ಲಿ ತೆರೆದ ಶಿಬಿರವದು. 2017ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಅಲ್ಲಿಯ ಸುಮಾರು ಹತ್ತು ಸಾವಿರ ಮಂದಿಗೆ ಬ್ಲಾಕ್‌ಚೈನ್ ಮೂಲಕ ನೆರವು ನೀಡತೊಡಗಿತು. ತಾಯಿಯೊಬ್ಬಳು ಅಂಗಡಿಯಲ್ಲಿ ಅಕ್ಕಿ, ಎಣ್ಣೆ ತೆಗೆದುಕೊಂಡು ಹಣ ಕೊಡುವ ಜಾಗದಲ್ಲಿ ಯಂತ್ರದೆದುರು ಕಣ್ಣು ತೆರೆದರೆ ಸಾಕು, ಆಕೆಯ ಲೆಕ್ಕದಿಂದ ಮೊತ್ತ ಕಳೆಯುತ್ತದೆ. ಮಧ್ಯೆ ಬ್ಯಾಂಕಿಗೆ ತೆರಬೇಕಾಗಿದ್ದ ಶುಲ್ಕದ ಬಹುಪಾಲು ಉಳಿಯಿತು. ಇದು ನಿಜವಾದ ಉಪಕಾರ, ಅಲ್ಲಗಳೆಯಲಾಗದು. ಆದರೆ ಆ ಪುಸ್ತಕ ಆರಂಭದಲ್ಲಿ ಇದ್ದದ್ದು ಒಂದೇ ಸಂಸ್ಥೆಯ ಕೈಯಲ್ಲಿ. ಎಲ್ಲರ ಮನೆಯಲ್ಲಿಯೂ ಪ್ರತಿ ಇರಬೇಕೆಂಬ ಮೂಲ ತತ್ವ ಎಲ್ಲಿ ಹೋಯಿತು? ಕಣ್ಣಿನ ಗುರುತು ಕೊಡಲಾರೆನೆಂದು ಹೇಳುವ ಸ್ವಾತಂತ್ರ್ಯ ಹಸಿದ ಮಕ್ಕಳ ತಾಯಿಗೆ ಇದೆಯೇ? ಇದೇನೂ ಕೇವಲ ಶಂಕೆಯಲ್ಲ. ಬಾಂಗ್ಲಾದೇಶದ ಶಿಬಿರಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನಡೆಸಿದ ನೋಂದಣಿಯಲ್ಲಿ ರೋಹಿಂಗ್ಯಾ ಸಹೋದರರು ನೀಡಿದ ವಿವರಗಳು, ಅವರು ಯಾರಿಂದ ಓಡಿಬಂದಿದ್ದರೋ ಅದೇ ಮ್ಯಾನ್ಮಾರ್ ಸರಕಾರದ ಕೈ ಸೇರಿದ್ದನ್ನು 2021ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಬಹಿರಂಗಪಡಿಸಿತು. ಆ ವಿವರಗಳು ಬ್ಲಾಕ್‌ಚೈನ್‌ನಲ್ಲಿ ಇರಲಿಲ್ಲ ನಿಜ. ಅಳಿಸಲಾಗದ ಪುಸ್ತಕದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿಕೊಳ್ಳಿ.

ಪುಸ್ತಕಕ್ಕೆ ಸತ್ಯ ಗೊತ್ತಿರುವುದಿಲ್ಲ ಎಂಬುದೂ ನೆನಪಿರಲಿ. ವಕ್ಫ್ ಜಮೀನಿನ ದಾಖಲೆಗಳನ್ನು ಬ್ಲಾಕ್‌ಚೈನ್‌ಗೆ ಹಾಕಿದರೆ ಒತ್ತುವರಿ ನಿಲ್ಲುತ್ತದೆ ಎಂದು ಇಲ್ಲೊಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ನಮಗೆ ಉತ್ಸಾಹದಿಂದ ಹೇಳಿದ. ಆತನ ಕಾಳಜಿಯನ್ನು ಮೆಚ್ಚಿದೆವು. ಆದರೆ ಮೊದಲ ದಿನವೇ ತಪ್ಪು ಸರ್ವೆ ನಂಬರ್ ಸೇರಿಸಿದರೆ ಆ ತಪ್ಪೇ ಶಾಶ್ವತವಾಗುತ್ತದೆಯಲ್ಲ!

ಹಣದ ಮಾತನ್ನು ಬಿಟ್ಟರೆ, ವಿಕೇಂದ್ರೀಕೃತ ಅಂತರ್ಜಾಲದ ಆಶಯ ನಮಗೆ ಹೆಚ್ಚು ಹತ್ತಿರವಾಗಿದೆ. ಟಿಮ್ ಬರ್ನರ್ಸ್-ಲೀ ರೂಪಿಸಿದ ವೆಬ್ಬನ್ನು 1993ರಲ್ಲಿ ಸರ್ನ್ ಸಂಸ್ಥೆಯು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಇಂದು ಕೆಲವೇ ಕಂಪೆನಿಗಳು ನಾವು ಏನನ್ನು ನೋಡಬೇಕೆಂದು ನಿರ್ಧರಿಸುತ್ತಿವೆ. 2017ರ ಏಪ್ರಿಲ್‌ನಲ್ಲಿ ತುರ್ಕಿ ಸರಕಾರ ವಿಕಿಪೀಡಿಯವನ್ನು ತಡೆದಾಗ, ಐಪಿಎಫ್‌ಎಸ್ ಎಂಬ ವ್ಯವಸ್ಥೆಯ ಕಾರ್ಯಕರ್ತರು ತುರ್ಕಿ ಭಾಷೆಯ ವಿಕಿಪೀಡಿಯದ ಪ್ರತಿಯನ್ನು ಅನೇಕ ಕಂಪ್ಯೂಟರ್‌ಗಳಲ್ಲಿ ಹಂಚಿ ಇಡಲು ಮುಂದಾದರು. ಇದರಲ್ಲಿ ನಾಣ್ಯವೂ ಇಲ್ಲ, ಲಾಭವೂ ಇಲ್ಲ. 2019ರ ನವೆಂಬರ್‌ನಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದಾಗ, ಪ್ರತಿಭಟನೆಯಾಗಿ ನಮ್ಮ ದೇಶದ ಅನೇಕರು ಯಾರೊಬ್ಬರ ಒಡೆತನದಲ್ಲಿಯೂ ಇಲ್ಲದ ಮಾಸ್ಟೊಡಾನ್‌ಗೆ ಹೋದರು. ಅವರಲ್ಲಿ ಹಲವರು ಹಿಂದಿರುಗಿದರು ಕೂಡ. ಜನ ಇರುವಲ್ಲಿಗೇ ಜನ ಹೋಗುತ್ತಾರೆ.

ಇದೆಲ್ಲದಕ್ಕೂ ತಂತಿ ಬೇಕು. 2019ರ ಆಗಸ್ಟ್‌ನಲ್ಲಿ ಕಾಶ್ಮೀರದ ಇಂಟರ್ನೆಟ್ ನಿಂತಿತು. 4ಜಿ ಸೇವೆ ಮರಳಿದ್ದು 2021ರ ಫೆಬ್ರವರಿಯಲ್ಲಿ. ಆ ದಿನಗಳಲ್ಲಿ ಅಲ್ಲಿನ ವಿದ್ಯಾರ್ಥಿಗೆ ಕೇಂದ್ರೀಕೃತ ವೆಬ್ ಯಾವುದು, ವಿಕೇಂದ್ರೀಕೃತ ವೆಬ್ ಯಾವುದು? ಆ ವಿಷಯದಲ್ಲಿ ಹೋರಾಟ ನಡೆದದ್ದು ನ್ಯಾಯಾಲಯದಲ್ಲಿ. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್, ಅನಿರ್ದಿಷ್ಟಾವಧಿಗೆ ಇಂಟರ್ನೆಟ್ ನಿಲ್ಲಿಸುವಂತಿಲ್ಲವೆಂದೂ ಅಂತಹ ಆದೇಶಗಳನ್ನು ಪ್ರಕಟಿಸಬೇಕೆಂದೂ ಹೇಳಿದ್ದು ಅರ್ಜಿ ಹಾಕಿದ ಪತ್ರಕರ್ತೆ ಅನುರಾಧಾ ಭಸಿನ್ ಮೊದಲಾದವರ ಪ್ರಯತ್ನದಿಂದ. ನಮ್ಮ ಮಕ್ಕಳು ಪ್ರೋಗ್ರಾಂ ಬರೆಯುವುದನ್ನೂ ಕಲಿಯಲಿ, ಕಾನೂನನ್ನೂ ಓದಲಿ ಎಂದು ನಾವು ಹೇಳುತ್ತಿರುವುದು ಇದಕ್ಕಾಗಿಯೇ.

ಪ್ರಶ್ನೆಗಳಿಗೆ ಸಮಯ ಬಿಡಬೇಕಾಗಿರುವುದರಿಂದ ಇಲ್ಲಿಗೆ ನಿಲ್ಲಿಸುತ್ತೇವೆ. ಯಾರಾದರೂ ಇಂತಹ ಯೋಜನೆಗಳಲ್ಲಿ ಹಣ ತೊಡಗಿಸಿದ್ದರೆ ದಯವಿಟ್ಟು ಸಂಕೋಚಪಡಬೇಡಿ, ಸಭೆಯ ಬಳಿಕ ನಮ್ಮನ್ನು ಪ್ರತ್ಯೇಕವಾಗಿ ಭೇಟಿಯಾಗಿ.