ಆತಂಕದ ಮಾತ್ರೆ ನಡೆದುಬಂದ ದಾರಿ



ಆತಂಕ ತಗ್ಗಿಸುವ ಮಾತ್ರೆಗಳ ಚರಿತ್ರೆಯಲ್ಲಿ ಒಂದೇ ಕಥೆ ಮತ್ತೆ ಮತ್ತೆ ನಡೆದಿದೆ. ಹಳೆಯ ಔಷಧದ ಅಪಾಯ ಬಯಲಾದಾಗಲೆಲ್ಲ ಹೊಸದೊಂದು ಬಂತು. ಇದರಿಂದ ತೊಂದರೆಯಿಲ್ಲ ಎಂದು ಜನ ನಂಬಿದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಬಾರ್ಬಿಟ್ಯುರೇಟ್‌ಗಳು ನಿದ್ದೆ ತರಿಸುತ್ತಿದ್ದವು. ಪ್ರಮಾಣ ಮೀರಿದರೆ ಉಸಿರನ್ನೇ ನಿಲ್ಲಿಸುತ್ತಿದ್ದವು. 1955ರಲ್ಲಿ ಅಮೆರಿಕದಲ್ಲಿ ಮಿಲ್‌ಟೌನ್ ಬಂದಾಗ ಜನ ಮುಗಿಬಿದ್ದರು. ಅದೂ ಅಂಟಿಕೊಳ್ಳುವಂಥದ್ದೇ ಎಂಬುದು ಆಮೇಲೆ ತಿಳಿಯಿತು.

1957ರಲ್ಲಿ ನ್ಯೂಜೆರ್ಸಿಯ ನಟ್ಲಿಯಲ್ಲಿ, ರೋಶ್ ಕಂಪನಿಯ ಲಿಯೋ ಸ್ಟರ್ನ್‌ಬಾಕ್ ಅವರ ಪ್ರಯೋಗಾಲಯವನ್ನು ಚೊಕ್ಕಟ ಮಾಡುವಾಗ, ಬದಿಗಿಟ್ಟು ಮರೆತಿದ್ದ ಹರಳುಪುಡಿಯೊಂದು ಸಹೋದ್ಯೋಗಿಯ ಕಣ್ಣಿಗೆ ಬಿತ್ತು. ಎಸೆಯದೆ ಪರೀಕ್ಷೆಗೆ ಕಳಿಸಿದರು. ಅದೇ 1960ರಲ್ಲಿ ಲಿಬ್ರಿಯಂ ಆಯಿತು. 1963ರಲ್ಲಿ ಅದರ ತಮ್ಮ ವೇಲಿಯಂ ಹುಟ್ಟಿತು.

ಎಚ್ಚರಿಕೆ ಬೇಗನೆ ಸಿಕ್ಕಿತ್ತು. ತಿಂಗಳುಗಟ್ಟಲೆ ಹೆಚ್ಚಿನ ಪ್ರಮಾಣದಲ್ಲಿ ಲಿಬ್ರಿಯಂ ನುಂಗುತ್ತಿದ್ದ 11 ರೋಗಿಗಳಿಗೆ ವೈದ್ಯ ಲಿಯೋ ಹಾಲಿಸ್ಟರ್ ತಂಡ ಒಮ್ಮೆಲೇ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿತು. 10 ಮಂದಿ ನರಳಿದರು, ಇಬ್ಬರಿಗೆ ಫಿಟ್ಸ್ ಬಂತು. ಈ ವರದಿ ಪ್ರಕಟವಾದದ್ದು 1961ರಲ್ಲಿ. ಆದರೂ 1978ರ ಒಂದೇ ವರ್ಷದಲ್ಲಿ ವೇಲಿಯಂನ 200 ಕೋಟಿಗೂ ಹೆಚ್ಚು ಮಾತ್ರೆಗಳು ಮಾರಾಟವಾದವು.

ಮಾತ್ರೆ ನಿಲ್ಲಿಸಿದಾಗ ರೋಗಿಗಳು ನರಳುವುದೇಕೆ? ಮೆದುಳಿನ ಗಾಬಾ ಎಂಬ ರಾಸಾಯನಿಕ ನರಗಳ ಉದ್ವೇಗವನ್ನು ತಗ್ಗಿಸುತ್ತದೆ. ಲಿಬ್ರಿಯಂ, ವೇಲಿಯಂನಂಥ ಮಾತ್ರೆ ಅದರ ಪರಿಣಾಮವನ್ನು ಹೆಚ್ಚಿಸುತ್ತದೆ. ದಿನವೂ ಹೊರಗಿನ ನೆರವು ಸಿಕ್ಕರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಮಾತ್ರೆ ನಿಂತರೆ ನಿದ್ದೆಗೇಡು, ನಡುಕ, ಮೊದಲಿಗಿಂತ ಹೆಚ್ಚಿನ ಆತಂಕ. ಕಾಯಿಲೆ ಮರುಕಳಿಸಿತೆಂದು ತಿಳಿದು ರೋಗಿ ಮತ್ತೆ ಮಾತ್ರೆಗೇ ಕೈಚಾಚುತ್ತಾರೆ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪ್ರೊಫೆಸರ್ ಹೆದರ್ ಆಶ್ಟನ್ 1982ರಿಂದ 1994ರವರೆಗೆ ಇಂಥವರಿಗಾಗಿಯೇ ಕ್ಲಿನಿಕ್ ನಡೆಸಿದರು. ವೈದ್ಯರು ಹೇಳಿದಷ್ಟೇ ನುಂಗಿದವರೂ ಸಿಕ್ಕಿಬಿದ್ದಿದ್ದರು. ಅವರ ಮಾತಿಗೆ ಕಿವಿಗೊಟ್ಟ ಆಶ್ಟನ್, ಪ್ರಮಾಣವನ್ನು ತಿಂಗಳುಗಳ ಕಾಲ ಚೂರುಚೂರಾಗಿ ಇಳಿಸುವ ದಾರಿ ತೋರಿದರು. ಈ ಮಾತ್ರೆಗಳ ಬಳಕೆ ಎರಡರಿಂದ ನಾಲ್ಕು ವಾರ ಮೀರಬಾರದೆಂದು 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಹೇಳಿತು.

ನಮ್ಮ ದೇಶದಲ್ಲಿ ಇದೇ ಗುಂಪಿನ ಆಲ್ಪ್ರಜೋಲಾಮ್, ಡಯಾಜೆಪಾಮ್ ಮುಂತಾದವು 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಔಷಧ ಅಂಗಡಿಯವರು ವೈದ್ಯರ ಚೀಟಿ ನೋಡಿಯೇ ಕೊಡಬೇಕು, ರೋಗಿಯ ಹೆಸರನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು.

ಈ ಮಾತ್ರೆ ಶತ್ರುವಲ್ಲ. ಫಿಟ್ಸ್ ಬಂದಾಗ ಜೀವ ಉಳಿಸುತ್ತದೆ. ಹಳೆಯ ಚೀಟಿಯಲ್ಲೇ ವರ್ಷಗಟ್ಟಲೆ ಮುಂದುವರಿಯುವುದು ಅಪಾಯ. ಈ ಮಾತು ಕೇಳಿ ಇವತ್ತೇ ಒಮ್ಮೆಲೇ ಬಿಟ್ಟುಬಿಡುವುದು ಇನ್ನೂ ದೊಡ್ಡ ಅಪಾಯ. ಮಾತ್ರೆ ಬರೆಯುವ ದಿನವೇ "ಇದನ್ನು ಯಾವಾಗ, ಹೇಗೆ ನಿಲ್ಲಿಸಬೇಕು ಡಾಕ್ಟ್ರೇ?" ಎಂದು ಕೇಳಿ. ಆಗಲೇ ಅಭ್ಯಾಸವಾಗಿದ್ದರೆ ನಾಚಿಕೆಪಡಬೇಡಿ, ವೈದ್ಯರ ಜೊತೆಗೂಡಿ ನಿಧಾನವಾಗಿ ಇಳಿಸಿ.