ದುಡಿಯೂ ಕಲ್ಲೂ



ಸಿನಿಮಾ ನೋಡಿ ಅತ್ತು ಮನೆಗೆ ಹೋಗೋದು ಸುಲಭ. ಯಾಕೆ ಅತ್ತೆವು ಅಂತ ಕೇಳಿಕೊಳ್ಳೋದು ಕಷ್ಟ.

1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು, ಸ್ವರ್ಣ ಕಮಲ ಪಡೆಯಿತು. ಚೋಮ ಕೇಳಿದ್ದು ಉಳೋದಕ್ಕೆ ತುಂಡು ಭೂಮಿ. ಸಿಕ್ಕಿದ್ದು ಸಾವು. ವಾಸುದೇವರಾಯರ ಅಭಿನಯಕ್ಕೆ ನಾನೂ ಕೈಮುಗಿಯುತ್ತೇನೆ. ಆದರೆ ದುಡಿ ಬಾರಿಸುತ್ತಾ ಸಾಯುವ ಚೋಮ ನೋಡುವವರ ಮನಸ್ಸು ಕರಗಿಸ್ತಾನೆ, ಯಾರ ಕುರ್ಚಿಯನ್ನೂ ಅಲ್ಲಾಡಿಸೋದಿಲ್ಲ.

2013ರ ಮರಾಠಿ ಚಿತ್ರ 'ಫ್ಯಾಂಡ್ರಿ' ನೋಡಿ. ನಾಗರಾಜ ಮಂಜುಳೆ ತುಳಿತ ಉಂಡ ಜಾತಿಯಿಂದಲೇ ಬಂದವರು. ಹಿಡಿದ ಹಂದಿಯನ್ನು ಹೊತ್ತು ಶಾಲೆಯ ಗೋಡೆಯ ಅಂಬೇಡ್ಕರ್ ಚಿತ್ರದ ಮುಂದೆಯೇ ಹಾದುಹೋಗ್ತಾರೆ. ಅಲ್ಲಿ ಒಂದು ಮಾತೂ ಬೇಕಾಗಿಲ್ಲ. ಕೊನೆಗೆ ಹುಡುಗ ಜಬ್ಯಾ ಎಸೆದ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತೆ.

ಮಂಜುಳೆಯವರ 2016ರ 'ಸೈರಾಟ್' ಮರುವರ್ಷ ಕನ್ನಡದಲ್ಲಿ 'ಮನಸು ಮಲ್ಲಿಗೆ' ಆಯ್ತು. 2020ರಲ್ಲಿ ಟೀವಿಯಲ್ಲಿ 'ಮಹಾನಾಯಕ' ಬಂದಾಗ ಹಳ್ಳಿಹಳ್ಳಿಯಲ್ಲಿ ನಮ್ಮ ಹುಡುಗರು ಬ್ಯಾನರ್ ಕಟ್ಟಿದರು. ಸಂತೋಷ. ಆದರೆ ಅದೂ ಹಿಂದಿಯಿಂದ ಡಬ್ ಆಗಿ ಬಂದದ್ದು. ಬಾಬಾಸಾಹೇಬರ ಕತೆಯನ್ನೂ ಕನ್ನಡಿಗರು ಎರವಲು ತರಬೇಕೇ?

ನಮ್ಮಲ್ಲಿ ಕತೆಗೇನು ಬರವೇ? 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ದೇವನೂರರ 'ಕುಸುಮಬಾಲೆ' ಕೇರಿಯ ಮಾತಿನಲ್ಲೇ ಇದೆ. ಅರ್ಥವಾಗೋದಿಲ್ಲ ಅಂದವರುಂಟು. ಅವ್ವನ ಮುಂದೆ ಗಟ್ಟಿಯಾಗಿ ಓದಿ ನೋಡಿ, ಅವಳು ತಿಳಿಸಿಕೊಡ್ತಾಳೆ.

ಚಪ್ಪಾಳೆ ಸಾಕು. ಕೇರಿಗೊಬ್ಬರು ಬರೆಯಿರಿ, ಒಬ್ಬರು ಹಾಡಿರಿ, ಒಬ್ಬರು ಕ್ಯಾಮೆರಾ ಹಿಡಿಯಿರಿ. ಅಳಿಸೋ ಚೋಮನನ್ನು ಅವರು ಕೊಟ್ಟರು. ಬದುಕೋ ಚೋಮನನ್ನು ನಾವೇ ಬರೀಬೇಕು.

ಜೈ ಭೀಮ್.