ಗಾಯ ಚಿಕ್ಕದು, ಕಲಿಕೆ ದೊಡ್ಡದು

ಟ್ರಸ್ಟಿನ ಹಿರಿಯರೇ, ಪೋಷಕರೇ, ಈ ವರ್ಷ ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳೇ,

ನಾವು ಬಿ.ಎಡ್. ಓದಿದವರು. ಗುರುಗಳು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ, ತಿದ್ದಿ, ಒಪ್ಪಿದ ಮೇಲೆಯೇ ನಮ್ಮ ಕೈಗೆ ತರಗತಿ ಬಂದದ್ದು. ಪಾಠ ಹೇಳುವುದಕ್ಕೇ ಇಷ್ಟು ಅಭ್ಯಾಸ ಬೇಕಾದರೆ, ಮನುಷ್ಯನ ಹೊಟ್ಟೆಯೊಳಗೆ ಕತ್ತರಿ ಆಡಿಸುವವರಿಗೆ ಎಷ್ಟು ಬೇಕು?

ಪಿತ್ತಕೋಶದ ಕಲ್ಲಿಗೆ ಈಗ ಸಾಮಾನ್ಯವಾಗಿ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದಿಲ್ಲ. ಮೂರು ನಾಲ್ಕು ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ, ಉಪಕರಣ ತೂರಿಸಿ ಲ್ಯಾಪರೊಸ್ಕೋಪಿ ಮಾಡುತ್ತಾರೆ. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಹೀಗೆ ಪಿತ್ತಕೋಶ ತೆಗೆದು ದಾರಿ ತೋರಿದರು. ನೋವು ಕಡಿಮೆ, ಬೇಗ ಮನೆಗೆ, ಬೇಗ ದುಡಿಮೆಗೆ. ದಿನಗೂಲಿಯವರಿಗೆ ಇದು ದೊಡ್ಡ ಉಪಕಾರ.

ಆದರೆ ಗಾಯ ಚಿಕ್ಕದಾದಷ್ಟೂ ಕೆಲಸ ಕಷ್ಟ. ವೈದ್ಯರು ನೋಡುವುದು ಪರದೆಯನ್ನು; ಆಳ ಸುಲಭವಾಗಿ ತಿಳಿಯದು. ಕೈ ಬಲಕ್ಕೆ ಹೋದರೆ ಒಳಗಿನ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ. ಬೆರಳಿಗೆ ಸ್ಪರ್ಶವೂ ಸರಿಯಾಗಿ ಸಿಗದು. ಪಿತ್ತಕೋಶದ ನಾಳವೆಂದು ತಿಳಿದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿದರೆ ರೋಗಿಗೆ ಮತ್ತೊಂದು ದೊಡ್ಡ ಶಸ್ತ್ರಚಿಕಿತ್ಸೆ, ಕೆಲವೊಮ್ಮೆ ಜೀವಮಾನದ ಸಂಕಟ.

ಅಮೆರಿಕದಲ್ಲಿ ಹೀಗೇ ಆಯಿತು. ಈ ವಿಧಾನ ಬಂದ ಹೊಸತರಲ್ಲಿ ಎಷ್ಟೋ ಶಸ್ತ್ರವೈದ್ಯರು ವಾರಾಂತ್ಯದ ಶಿಬಿರದಲ್ಲಿ ಕಲಿತು ಕೆಲಸ ಶುರುಮಾಡಿದರು; ಪಿತ್ತನಾಳದ ಗಾಯಗಳು ಹೆಚ್ಚಿದವು. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ, ಮೇಲ್ವಿಚಾರಣೆಯಲ್ಲಿ 15 ಶಸ್ತ್ರಚಿಕಿತ್ಸೆ ಮಾಡಿದ ಮೇಲೆಯೇ ಸ್ವತಂತ್ರವಾಗಿ ಮಾಡಬೇಕೆಂದು ಸೂಚಿಸಿತು. ಮುಂದೆ ಅಲ್ಲಿ ಶಸ್ತ್ರವೈದ್ಯರ ಬೋರ್ಡಿನ ಪ್ರಮಾಣಪತ್ರಕ್ಕೆ, ಪೆಟ್ಟಿಗೆಯೊಳಗೆ ಉಪಕರಣ ಆಡಿಸಿ ಕತ್ತರಿಸುವ, ಗಂಟು ಹಾಕುವ ಪರೀಕ್ಷೆಯೂ ಕಡ್ಡಾಯವಾಯಿತು.

ವೈದ್ಯರಾಗಲು ಹೊರಟ ಮಕ್ಕಳಿಗೆ ನಾವು ಹೇಳುವುದಿಷ್ಟೇ. ಪದವಿ ಬಂತೆಂದು ಕೈ ಪಳಗದು. ಮೊದಲು ಪೆಟ್ಟಿಗೆಯಲ್ಲಿ ಅಭ್ಯಾಸ ಮಾಡಿ, ಆಮೇಲೆ ಹಿರಿಯರಿಗೆ ಕ್ಯಾಮೆರಾ ಹಿಡಿಯಿರಿ, ನಂತರ ಅವರ ಕಣ್ಣೆದುರಿನಲ್ಲೇ ಮಾಡಿ. ಒಳಗಿನದು ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆ ತೆರೆದು ಮಾಡುವುದು ಸೋಲಲ್ಲ, ವಿವೇಕ.

ಪೋಷಕರಿಗೂ ಒಂದು ಮಾತು. ಮನೆಯವರಿಗೆ ಈ ಶಸ್ತ್ರಚಿಕಿತ್ಸೆ ಹೇಳಿದಾಗ ಖರ್ಚೊಂದನ್ನೇ ಕೇಳಬೇಡಿ. ಎಲ್ಲಿ ಕಲಿತಿರಿ, ಎಷ್ಟು ಮಾಡಿದ್ದೀರಿ, ತೊಂದರೆಯಾದರೆ ತೆರೆದು ಮಾಡಲು ಸಿದ್ಧತೆ ಇದೆಯೇ ಎಂದು ವಿನಯದಿಂದ ಕೇಳಿ. ಚೆನ್ನಾಗಿ ಕಲಿತವರು ಈ ಪ್ರಶ್ನೆಗೆ ಬೇಸರ ಪಡುವುದಿಲ್ಲ.

ಈ ವೇತನ ಪಡೆದವರಲ್ಲಿ ಯಾರಾದರೂ ಮುಂದೆ ಶಸ್ತ್ರವೈದ್ಯರಾದರೆ, ಆ ಪ್ರಶ್ನೆಗೆ ತಲೆ ಎತ್ತಿ ಉತ್ತರಿಸುವಂತಾಗಲಿ.